ಸಂದಿ ಬಿಡದ ಕಬ್ಬಿಣ

ಬ್ರಾಂಪ್ಟನ್, ಕೆಂಟ್
ಮಂಗಳವಾರ, ೧೯ ಜನವರಿ ೧೮೬೪

ಪ್ರೀತಿಯ ಡಾರ್ಕಸ್‌ಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ನೀನು ಸುಖವಾಗಿದ್ದೀಯೆಂದೂ, ಕಾಲಿನ ಬಾವು ಇಳಿದಿದೆಯೆಂದೂ, ಗಿಡಿಯನ್‌ಗೆ ಕೈತುಂಬ ಕೆಲಸವಿದೆಯೆಂದೂ ನಂಬಿದ್ದೇನೆ. ಅಕ್ಟೋಬರಿನ ಕಾಗದಕ್ಕೆ ಜನವರಿಯಲ್ಲಿ ಉತ್ತರ ಬರೆಯುತ್ತಿದ್ದೇನೆಂದು ಬೈಯಬೇಡ. ಮೊದಲು ಬೆರಳುಗಳು ಚಳಿಗೆ ಊದಿಕೊಂಡು ಪೆನ್ನು ಹಿಡಿಯದಾದವು. ಆಮೇಲೆ ಕ್ರಿಸ್‌ಮಸ್ಸು ಬಂತು. ಆಮೇಲೆ ಏನು ಬರೆಯಬೇಕೆಂದೇ ತೋಚಲಿಲ್ಲ. ನನಗೆ ಮಾತು ತೋಚಲಿಲ್ಲವೆಂದರೆ ಈ ಬೀದಿಯಲ್ಲಿ ಯಾರೂ ನಂಬುವುದಿಲ್ಲ, ಆದರೂ ನಿಜ.

ನಿನ್ನ ಕಾಗದವನ್ನು ನಿಮ್ಮಪ್ಪನಿಗೆ ಪೂರ್ತಿ ಓದಿ ಹೇಳಿದೆ. ಮಾರ್ಚಿನಲ್ಲಿ ಹೆರಿಗೆಯಾಗುತ್ತದೆ ಎಂದು ಓದಿದಾಗ ಅವರು ಎದ್ದು ಹೋಗಿ, ಸರಿಯಾಗಿಯೇ ಇದ್ದ ಹಿತ್ತಿಲ ಬಾಗಿಲ ಚಿಲಕವನ್ನು ರಿಪೇರಿ ಮಾಡಲು ಶುರುಮಾಡಿದರು. ಸಂತೋಷವಾದರೆ ಅವರಿಗೆ ಏನನ್ನಾದರೂ ರಿಪೇರಿ ಮಾಡಬೇಕು, ನಿನಗೇ ಗೊತ್ತು. ಕೊನೆಯ ಸಾಲನ್ನೂ ನಾನು ಬಿಡಲಿಲ್ಲ. "ಅಮ್ಮಾ, ನೀನು ಬಾ. ಅಪ್ಪ ಬರುವುದನ್ನು ಗಿಡಿಯನ್ ಒಪ್ಪುವುದಿಲ್ಲ" ಎಂದು ಬರೆದಿದ್ದೆಯಲ್ಲ, ಅದು. ಅವರು ಚಿಲಕವನ್ನು ಕೆಳಗಿಟ್ಟರು.

"ನೀನ್ ಹೋಗ್ಬಿಟ್ಟು ಬಾರೇ," ಎಂದರು. "ಪಾಪ, ಹುಡುಗಿ ತಾನೇ ಏನ್ ಮಾಡ್ತಾಳೆ? ಗಂಡನ ಮಾತು ಮೀರೋಕಾಗತ್ತಾ? ಅವಳಿಗೇನೂ ನನ್ ಮೇಲೆ ಸಿಟ್ಟಿಲ್ಲ."

ಆ ಕಡೇ ಮಾತನ್ನು ಅವರು ದಿನಕ್ಕೊಂದು ಸಲ ಹೇಳಿಕೊಳ್ಳುತ್ತಾರೆ. ಊಟದಲ್ಲಿ ಉಪ್ಪಿನಷ್ಟೇ ಅದೂ ಬೇಕಾಗಿದೆ. ನನ್ನ ಕಷ್ಟ ನೋಡು ಈಗ. ನಿನ್ನ ಚೊಚ್ಚಲ ಹೆರಿಗೆಗೆ ನಾನು ಬಾರದೇ ಇರಲಾರೆ. ಈ ಮನುಷ್ಯನನ್ನು ಇಲ್ಲೊಬ್ಬನನ್ನೇ ಬಿಟ್ಟು ಸ್ಕಾಟ್ಲೆಂಡಿನ ಗೋವನ್‌ವರೆಗೆ ಬರಲು ನನ್ನ ಕಾಲೂ ಏಳದು. ನನಗೆ ಬೇಕಾಗಿರುವುದು ಇಬ್ಬರೂ ಬನ್ನಿ ಎಂಬ ಒಂದು ಮಾತು. ಅದಕ್ಕಾಗಿಯೇ ಈ ಕಾಗದ. ಇನ್ನುಳಿದದ್ದೆಲ್ಲ ಅದರ ಹಿಂದೆ ಬಂದ ಸಾಮಾನು.

ಮೊದಲು ಊರಿನ ಸುದ್ದಿ. ಪಕ್ಕದ ಮನೆ ಸುಸಾನಾ ಟಟ್ ಈಗ ಪೂರ್ತಿ ಕಿವುಡಿ. ಹಡಗು ಕಟ್ಟುವ ಯಾರ್ಡಿನಲ್ಲಿ ಕಬ್ಬಿಣ ಬಡಿಯುವ ಸದ್ದಿನಿಂದ ಹಾಗಾಯಿತೆಂದು ಅವಳು ದೂರುತ್ತಾಳೆ. ಅವಳ ಗಂಡ ಮಾತ್ರ ಹಿಂದೆಂದೂ ಇಷ್ಟು ನೆಮ್ಮದಿಯಾಗಿರಲಿಲ್ಲ. ಸೀಗಡಿ ಮಾರುವವಳು ಈಗ ನಮ್ಮ ಬೀದಿಯಲ್ಲಿ ಕೂಗುವುದಿಲ್ಲ, ಕೂಗಿದರೆ ಕೇಳಿಸುವುದಿಲ್ಲವೆಂದು ಕಿಟಕಿಗೆ ಬಡಿಯುತ್ತಾಳೆ. ಮರ ಕೊಯ್ಯುತ್ತಿದ್ದ ಕೊಟ್ಟಿಗೆಗಳಲ್ಲಿ ಅರ್ಧ ಖಾಲಿ. ಅಲ್ಲಿದ್ದವರ ಕೈಗೆಲ್ಲ ಇಕ್ಕಳ ಕೊಟ್ಟಿದ್ದಾರೆ. ಬೆಳಿಗ್ಗೆ ಗಂಟೆ ಹೊಡೆದಾಗ ಹೋಗುವವರ ಕೋಟುಗಳಲ್ಲಿ ಮೊದಲು ಹೊಸ ಓಕ್ ಮರದ ಪುಡಿಯ ವಾಸನೆ ಇರುತ್ತಿತ್ತು. ಈಗ ಎಲ್ಲರ ಕೋಟಿನಲ್ಲೂ ಕಲ್ಲಿದ್ದಲ ಹೊಗೆಯೇ. ಒಗೆಯುವವಳು ನಾನು, ನನಗೆ ಗೊತ್ತು.

ಹಡಗು ಕ್ರಿಸ್‌ಮಸ್ಸಿಗೆ ಮುಂಚೆಯೇ ತೇಲಿತು. ಗಿಡಿಯನ್ ಕೈಯಿಟ್ಟು ಶುರುಮಾಡಿದ ಕಬ್ಬಿಣದ ಹಡಗೇ. ಅದನ್ನು ಹೇಳುವ ಮುಂಚೆ ಇನ್ನೊಂದು ವಿಷಯ ಹೇಳಬೇಕು. ನಿನಗೆ ಗೊತ್ತಿರುವುದೇ, ಆದರೆ ಆವತ್ತು ನೀನು ಬಾಗಿಲ ಆಚೆಯಿಂದ ನೋಡಿದೆ, ನಾನು ಒಲೆಯ ಕಡೆಯಿಂದ ನೋಡಿದೆ. ನನ್ನ ಕಡೆಯದನ್ನು ಒಂದು ಸಲ ಕೇಳು.

ಎರಡು ವರ್ಷದ ಹಿಂದಿನ ವಸಂತ ನೆನಪಿದೆಯಾ? ಅಮೆರಿಕದವರು ತಮ್ಮತಮ್ಮಲ್ಲೇ ಹೊಡೆದಾಡುತ್ತಿದ್ದಾರಲ್ಲ, ಅಲ್ಲಿ ಕಬ್ಬಿಣ ಹೊದ್ದ ಹಡಗೊಂದು ಬಂದು ಎರಡು ದೊಡ್ಡ ಮರದ ಹಡಗುಗಳನ್ನು ಒಂದೇ ಮಧ್ಯಾಹ್ನ ಹಾಳುಮಾಡಿತು, ಮಾರನೇ ದಿನ ಕಬ್ಬಿಣಕ್ಕೆ ಕಬ್ಬಿಣವೇ ಎದುರಾಗಿ ಗಂಟೆಗಟ್ಟಲೆ ಗುಂಡು ಹಾರಿಸಿಕೊಂಡರೂ ಎರಡರಲ್ಲಿ ಯಾವುದೂ ಮುಳುಗಲಿಲ್ಲ ಎಂದು ಪತ್ರಿಕೆಯಲ್ಲಿ ಬಂತು. ಪ್ರಾರ್ಥನೆಗೆ ಹೋಗುವ ಚಾಪೆಲ್ಲಿನ ಹೊರಗೆ ಅದನ್ನು ಗಟ್ಟಿಯಾಗಿ ಓದಿದವನು ಗಿಡಿಯನ್. ನಮ್ಮ ಮರದ ಕೆಲಸದವರೆಲ್ಲ ಶವಯಾತ್ರೆಗೆ ನಿಂತವರ ಹಾಗೆ ಟೋಪಿ ಕೈಯಲ್ಲಿ ಹಿಡಿದು ಕೇಳಿದರು. ಅದಕ್ಕೆ ಮುಂಚೆ ಫ್ರೆಂಚರು ಕಟ್ಟಿದ್ದಾಯಿತು, ನಮ್ಮವರು ಥೇಮ್ಸ್ ನದಿಯಲ್ಲಿ ಕಟ್ಟಿಸಿದ್ದಾಯಿತು, ಆದರೂ ಇವರಿಗೆಲ್ಲ ಅದೊಂದು ದೊಡ್ಡವರ ಹುಚ್ಚು ಎಂದೇ ಇತ್ತು. ಅವತ್ತಿನಿಂದ ಹಾಗೆನ್ನಲಿಲ್ಲ. ನಿಮ್ಮಪ್ಪ ಮನೆಗೆ ಬಂದು ಬಾಚಿ, ಉಳಿ, ಕೊಡತಿ ಎಲ್ಲ ತೆಗೆದು ಎಣ್ಣೆ ಹಚ್ಚಿದರು. "ಯಾಕ್ರೀ, ಮಾರ್ತೀರಾ?" ಎಂದೆ. "ಬಾಯ್ಮುಚ್ಚೇ," ಎಂದರು. ಅಷ್ಟು ಒರಟಾಗಿ ಅವರು ಎಂದೂ ಮಾತಾಡಿದವರಲ್ಲ.

ಮುಂದಿನ ಭಾನುವಾರ ಊಟಕ್ಕೆ ನೀವಿಬ್ಬರೂ ಬಂದಿರಿ. ನಾನು ಮಾಂಸದ ಪೈಗೆ ಹಿಟ್ಟು ಕಲಸಿಟ್ಟಿದ್ದೆ. ಗಿಡಿಯನ್ ಆ ಹಿಟ್ಟಿನಲ್ಲಿ ಒಂದು ಉದ್ದದ ಪಟ್ಟಿ ಕತ್ತರಿಸಿಕೊಂಡು, ನನ್ನ ಫೋರ್ಕುಗಳನ್ನೆಲ್ಲ ಮೇಜಿನ ಹಲಗೆಗಳ ಸಂದಿಯಲ್ಲಿ ಸಿಕ್ಕಿಸಿ, ಹಡಗಿನ ಪಕ್ಕೆಲುಬು ಹೇಗೆ ಬಗ್ಗಿಸುತ್ತಾರೆ ಎಂದು ಮಾವನಿಗೆ ತೋರಿಸಿದ.

"ನೋಡಿ ಮಾವ, ತೂತು ತೂತಿರೋ ಕಬ್ಬಿಣದ ಹಾಸು ಇದು ಅಂದ್ಕೊಳ್ಳಿ. ಬೇಕಾದ ಬಾಗಿಗೆ ತಕ್ಕಂಗೆ ಗೂಟ ನೆಡ್ತೀವಿ. ಕುಲುಮೆಯಿಂದ ಕಂಬಿ ಬಂದ ತಕ್ಷಣ ಎಲ್ಲರೂ ಸೇರಿ ಗೂಟಕ್ಕೆ ಒತ್ತಿ ಬಗ್ಗಿಸ್ತೀವಿ. ಅಷ್ಟೇ."

"ಅಷ್ಟೇನಾ? ಮರ ಆದ್ರೆ ಮುರಿಯೋ ಮುಂಚೆ ನರಳುತ್ತಪ್ಪಾ. ನಿನ್ ಕಬ್ಬಿಣ ಏನ್ ಹೇಳುತ್ತೆ?"

"ಹೇಳುತ್ತೆ ಮಾವ. ಬಣ್ಣದಲ್ಲಿ ಹೇಳುತ್ತೆ. ಹಳದಿ ಇರೋವಾಗ ಬಗ್ಗಿಸ್ಬೇಕು. ಕೆಂಪು ಮಬ್ಬಾಯ್ತೋ, ಕೈ ಬಿಡ್ಬೇಕು, ವಾಪಸ್ ಕುಲುಮೆಗೆ ಹಾಕ್ಬೇಕು. ಆಸೆಗೆ ಬಿದ್ದು ಇನ್ನೊಂದು ಏಟು ಹೊಡೆದ್ರೆ ಒಳಗೇ ಬಿರುಕು ಬಿಡುತ್ತೆ, ಮೇಲೆ ಕಾಣ್ಸೋದೇ ಇಲ್ಲ."

ನಾನು ಹಿಟ್ಟು ಹಾಳಾಯಿತೆಂದು ಕೂಗಾಡಿದೆ, ನೀನು ನಕ್ಕೆ. ಆಮೇಲೆ ಎಷ್ಟೋ ಭಾನುವಾರ ಅದೇ ಪಾಠ. ಮಾವ ಮೀಸೆ ಕಚ್ಚಿಕೊಂಡು ಕೇಳುವುದು, ಅಳಿಯ ಸಂಭ್ರಮದಿಂದ ಹೇಳುವುದು. ಅಷ್ಟು ವಯಸ್ಸಾದ ಬಡಗಿ ತನ್ನ ಮಾತು ಕೇಳುತ್ತಾನಲ್ಲ ಎಂದು ಗಿಡಿಯನ್ ಮುಖ ಅರಳುತ್ತಿತ್ತು. ನನಗೂ ಹೆಮ್ಮೆಯೇ ಆಗುತ್ತಿತ್ತು, ಇಲ್ಲವೆನ್ನುವುದಿಲ್ಲ.

ಅದೇ ಬೇಸಿಗೆಯಲ್ಲಿ ಗಿಡಿಯನ್ ಸೇರಿ ಕಬ್ಬಿಣದ ಕೆಲಸದವರೆಲ್ಲ ಕೆಲಸ ನಿಲ್ಲಿಸಿ ಹೊರಗೆ ಬಂದರು. ಅವರ ತಕರಾರು ಸರಿಯೋ ತಪ್ಪೋ ನಾನು ಹೇಳಲಾರೆ. ಅವರಿಗೆ ಧೈರ್ಯ ಒಂದೇ: ತಮ್ಮನ್ನು ಬಿಟ್ಟರೆ ಆ ಹಡಗನ್ನು ಕಟ್ಟುವವರು ಯಾರೂ ಇಲ್ಲ. ಗೇಟಿನ ಹತ್ತಿರ ನಿಂತು ನಮ್ಮವರಿಗೆ ಏನೆಲ್ಲ ಅಂದರು! "ಬಾಚಿ ಹಿಡಿಯೋರೇ, ಕುಲುಮೆ ಹತ್ರ ಹೋಗ್ಬೇಡ್ರೋ, ಗಡ್ಡ ಸುಟ್ಕೊಂಡೀರಿ!" ಗಿಡಿಯನ್ ಹಾಗೆ ಅನ್ನಲಿಲ್ಲ, ಅದು ಅವನ ಒಳ್ಳೆಯತನ. ಮೇಲಿನವರು ಅವರಿಗೆ ಗೇಟು ಮುಚ್ಚಿ, ಮರದವರನ್ನೇ ಕರೆದು ಮಾಡಿ ನೋಡಿ ಎಂದರು.

ನಿಮ್ಮಪ್ಪ ಅಂದು ಮುಂದೆ ಹೋಗಲಿಲ್ಲ. ಇದನ್ನು ನೀನು ನಂಬಲೇಬೇಕು. ಹಿಂದೆ, ಮರದ ರಾಶಿಯ ಪಕ್ಕ, ಕೈಕಟ್ಟಿಕೊಂಡು ನಿಂತಿದ್ದರು. ಇದನ್ನು ನನಗೆ ಹೇಳಿದ್ದು ಅವರಲ್ಲ, ಸುಸಾನಾಳ ಗಂಡ ಟಟ್. ಮೊದಲ ಪಕ್ಕೆಲುಬು ಕುಲುಮೆಯಿಂದ ಬಂತು. ಇವರು ಒತ್ತಿದರು, ಅದು ಬಾಗಲಿಲ್ಲ. ಬಣ್ಣ ಇಳಿಯುತ್ತಿದ್ದರೂ ಬಿಡದೆ ಸುತ್ತಿಗೆಯಲ್ಲಿ ಬಡಿದರು. ಒಬ್ಬೊಬ್ಬರಿಗೂ ಮರ ಬಗ್ಗಿಸಿದ ಹಟ, ಹಿಡಿದದ್ದನ್ನು ಬಿಡಬಾರದು ಎಂದು. ನಿಮ್ಮಪ್ಪನಿಗೆ ನೋಡಲಾಗಲಿಲ್ಲ.

"ಬಿಡ್ರೋ! ಬಣ್ಣ ಹೋಯ್ತು, ಬಿಡ್ರೋ ಅದನ್ನ! ಒಳಗೆ ಬಿರುಕು ಬಿಡುತ್ತೆ! ಮತ್ತೆ ಕಾಯ್ಸಿ!" ಎಂದು ಅಲ್ಲಿಂದಲೇ ಕೂಗಿಬಿಟ್ಟರಂತೆ.

ಎಲ್ಲರೂ ತಿರುಗಿ ನೋಡಿದರು. ಮೇಸ್ತ್ರಿ ಫೋರ್ಡಮ್ ಹತ್ತಿರ ಬಂದು, "ಏನಯ್ಯಾ ಎನಾಕ್, ಇದೆಲ್ಲ ನಿನಗೆ ಯಾರ್ ಹೇಳ್ಕೊಟ್ರು?" ಎಂದ. ನಿಮ್ಮಪ್ಪ ಅಳಿಯನ ಹೆಸರು ಹೇಳಲಿಲ್ಲ. "ಸರಿ, ಯಾರಾದ್ರೂ ಇರ್ಲಿ. ಬಾ ಇಲ್ಲಿ, ನೀನೇ ನಿಂತ್ಕೋ," ಎಂದ. ಇವರು ಹೋಗಿ ನಿಂತರು. ಸಂಜೆಯೊಳಗೆ ಮೊದಲ ಪಕ್ಕೆಲುಬು ಸರಿಯಾದ ಬಾಗಿಗೆ ಬಂತು. ಹೊರಗೆ ಗೇಟಿನಲ್ಲಿ ನಿಂತಿದ್ದವರಿಗೆ ಒಳಗಿನಿಂದ ಬಂದ ಜಯಕಾರ ಕೇಳಿಸಿತು.

ಅವರು ಮನೆಗೆ ಬಂದು ಬೂಟು ಕಳಚಲಿಲ್ಲ, ಊಟಕ್ಕೆ ಕೂರಲಿಲ್ಲ. ಅಷ್ಟರಲ್ಲಿ ನೀವಿಬ್ಬರೂ ಬಂದಿರಿ. ಗಿಡಿಯನ್ ಒಳಗೆ ಬಂದ, ನೀನು ಹೊಸಿಲ ಆಚೆಯೇ ನಿಂತೆ.

"ನಾನು ಕಲಿಸಿದ್ದು ನಿಮಗೆ ಮಾವ," ಎಂದ ಅವನು. "ಅವರಿಗಲ್ಲ."

"ಕೆಲಸ ಕೆಡ್ತಾ ಇತ್ತು ಕಣಯ್ಯಾ," ಎಂದರು ನಿಮ್ಮಪ್ಪ.

ಅಷ್ಟೇ. ನೀವು ಹೋದಿರಿ. ತಿಂಗಳು ಕಳೆಯುವುದರೊಳಗೆ ಗಂಟುಮೂಟೆ ಕಟ್ಟಿ ಸ್ಕಾಟ್ಲೆಂಡಿಗೆ ನಡೆದುಬಿಟ್ಟಿರಿ. ಡಾರ್ಕಸ್, ನೀನು ನೋಡಿದ್ದು ಅವರ ಬೆನ್ನು. ನಾನು ನೋಡಿದ್ದು ಮುಖ. ಅದು ಗೆದ್ದವನ ಮುಖವಾಗಿರಲಿಲ್ಲ. ಅವರು ಅಳಿಯನ ಅನ್ನ ಕೀಳಬೇಕೆಂದು ಕೂಗಿದವರಲ್ಲ. ಕಣ್ಣೆದುರಿಗೆ ಕೆಲಸ ಕೆಡುವುದನ್ನು ನೋಡಲಾರದೆ ಕೂಗಿದವರು. ಆ ಸ್ಥಳದಲ್ಲಿ ಗಿಡಿಯನ್ ಇದ್ದಿದ್ದರೂ ಹಾಗೇ ಕೂಗುತ್ತಿದ್ದ. ಅವನಿಗೂ ಅದು ಗೊತ್ತು, ಅದಕ್ಕೇ ಇಷ್ಟು ಸಿಟ್ಟು ಎಂದು ನನಗನ್ನಿಸುತ್ತದೆ. ಅವನ ಸಿಟ್ಟು ತಪ್ಪೆಂದು ನಾನು ಹೇಳುವುದಿಲ್ಲ. ಅವನ ಅನ್ನ ಹೋಗಿದ್ದು ನಿಜ, ನನ್ನ ಅಡುಗೆಮನೆ ಮೇಜಿನ ಮೇಲೆಯೇ ಹೋಗಿದ್ದು ನಿಜ.

ಈಗ ಅವನು ನಗುವ ಒಂದು ಸುದ್ದಿ ಹೇಳುತ್ತೇನೆ, ಮನೆಯಲ್ಲಿ ಸಮಯ ನೋಡಿ ಹೇಳು. ಪಕ್ಕೆಲುಬು ಎಲ್ಲ ನಿಂತ ಮೇಲೆ ಹೊರಮೈಗೆ ಕಬ್ಬಿಣದ ಹಲಗೆ ಜೋಡಿಸುವ ಕೆಲಸ ಬಂತು. ನಿಮ್ಮಪ್ಪ ಮತ್ತು ಅವರ ಗುಂಪಿನವರು ತೆಳ್ಳನೆಯ ಮರದ ಪಟ್ಟಿಗಳಲ್ಲಿ ಮಾದರಿ ಕತ್ತರಿಸಿ, ಅಳತೆ ಗೀರಿ, ತುಂಬ ಅಚ್ಚುಕಟ್ಟಾಗಿ ಒಂದು ಸಾಲು ಕೂರಿಸಿದರು. ಫೋರ್ಡಮ್ ಬಂದು ನೋಡುತ್ತಾನೆ, ಪ್ರತಿ ಎರಡು ಹಲಗೆಯ ನಡುವೆಯೂ ಒಂದೇ ಸಮನಾದ ಸಂದಿ! ಮರದ ಹಡಗಿಗೆ ನಾರು ತುರುಕಿ ರಾಳ ಹೊಯ್ಯಲು ಬಿಡುತ್ತಾರಲ್ಲ, ಅದೇ ಸಂದಿ. ಒಬ್ಬರಲ್ಲ, ಆ ಸಾಲಿನಲ್ಲಿದ್ದ ಎಲ್ಲರೂ ಬಿಟ್ಟಿದ್ದರು, ಒಬ್ಬರಿಗೂ ಹೊಳೆದಿರಲಿಲ್ಲ.

"ಇದ್ಯಾಕಯ್ಯಾ ಇದು?" ಎಂದನಂತೆ ಫೋರ್ಡಮ್. "ಗಾಳಿ ಆಡ್ಲಿ ಅಂತಾನಾ?"

"ನೀರಿಗಿಳಿದ್ಮೇಲೆ ಊದ್ಕೊಳ್ಳತ್ತಲ್ಲ," ಎಂದು ಬಾಯಿಗೆ ಬಂದದ್ದನ್ನು ಹೇಳಿದ ಮೇಲೆಯೇ ನಿಮ್ಮಪ್ಪನಿಗೆ ತಾನು ಏನು ಹೇಳಿದೆ ಎಂದು ತಿಳಿದದ್ದು.

ಇಡೀ ಯಾರ್ಡು ಒಂದು ವಾರ ನಕ್ಕಿತು. ಬೀದಿಯಲ್ಲಿ ಹೋದರೆ, "ಎನಾಕ್, ನಿನ್ ಸುತ್ತಿಗೆ ನೆನೆಹಾಕಿದ್ಯಾ, ಊದ್ಕೊಳ್ತಾ?" ಎನ್ನುವವರೇ. ಆ ಸಾಲನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದರು. ನಾನೂ ನಕ್ಕೆ, ಸುಳ್ಳೇಕೆ. ಅವರು ಮಾತ್ರ ತಮ್ಮ ಬೆರಳುಗಳನ್ನೇ ನೋಡುತ್ತಾ ಕೂತರು. "ಚಿಕ್ಕಂದಿನಿಂದ ನೀರಿಗೆ ಅಂತ ಜಾಗ ಬಿಟ್ಟೇ ಕಟ್ಟಿದೋನು ಕಣೇ ನಾನು. ಇದಕ್ಕೆ ಒಂದು ಕೂದಲಿನಷ್ಟೂ ಬಿಡಂಗಿಲ್ಲವಂತೆ," ಎಂದರು. ಆಮೇಲೆ, "ಗಿಡಿಯನ್ ಇದೊಂದು ಹೇಳ್ಕೊಡೋದು ಮರೆತಿದ್ದ ನೋಡು," ಎಂದರು. ಅಷ್ಟು ದಿನಗಳಲ್ಲಿ ಅವನ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು.

ಅಂದಿನಿಂದ ಅವರಿಗೆ ಒಂದಿಷ್ಟು ನೆಮ್ಮದಿಯ ಕೆಲಸ ಸಿಕ್ಕಿತು. ಗುಂಡು ತಡೆಯುವ ದಪ್ಪ ಕಬ್ಬಿಣದ ಹಿಂದೆ ಒತ್ತಾಗಿ ತೇಗದ ದಿಮ್ಮಿಗಳನ್ನು ಕೂರಿಸುತ್ತಾರೆ, ಏಟು ಬಿದ್ದರೆ ನುಂಗಿಕೊಳ್ಳಲಿ ಎಂದು. ಹಿಂದೂಸ್ತಾನದ ಕಡೆಯಿಂದ ಬಂದ ತೇಗವಂತೆ. ಅದನ್ನು ಕೆತ್ತುವ ದಿನಗಳಲ್ಲಿ ಅವರು ಶಿಳ್ಳೆ ಹಾಕುತ್ತಾ ಮನೆಗೆ ಬರುತ್ತಿದ್ದರು. ಅದರ ಮೇಲೆ ಕಬ್ಬಿಣ ಹೊದಿಸಿದ ದಿನ ಶಿಳ್ಳೆ ನಿಂತಿತು. "ಇನ್ನು ಅದನ್ನ ಯಾರೂ ನೋಡಲ್ಲ," ಎಂದರು. "ನೋಡಿದ್ರೆ ಗುಂಡು ಬಿದ್ದಿದೆ ಅಂತ ಅರ್ಥ ಅಲ್ವಾ? ನೋಡದೇ ಇರ್ಲಿ ಬಿಡಿ," ಎಂದೆ. ಅದಕ್ಕೆ ನಕ್ಕರು.

ತೇಲಿಸಿದ ದಿನ ನಾನೂ ಹೋಗಿದ್ದೆ. ಮರದ ಹಡಗನ್ನು ಇಳಿಜಾರಿನಲ್ಲಿ ಜಾರಿಸುವಾಗ ಎದೆ ಝಲ್ಲೆನ್ನುತ್ತಿತ್ತಲ್ಲ, ಇಲ್ಲಿ ಅದೇನೂ ಇಲ್ಲ. ಹಡಗು ಕಟ್ಟಿದ ಗುಂಡಿಗೆ ನದಿಯ ನೀರು ಬಿಟ್ಟರು, ಸುಮ್ಮನೆ ಕಾದರು. ಕೊರೆಯುವ ಚಳಿ. ಜನ ಕಾಲು ಬಡಿಯುತ್ತಾ ಇದೇನು ತೇಲುತ್ತದೋ ಇಲ್ಲವೋ ಎಂದು ಗೊಣಗುತ್ತಿದ್ದರು. ಯಾವಾಗ ತೇಲಿತು ಎಂದು ನನಗೆ ತಿಳಿಯಲೇ ಇಲ್ಲ, ಹಗ್ಗಗಳು ಬಿಗಿಯಾದದ್ದು ನೋಡಿ ಪಕ್ಕದವರು ಕೂಗಿದರು. ನಿಮ್ಮಪ್ಪ ದಡದಲ್ಲಿರಲಿಲ್ಲ. ಅವರು ಒಳಗೆ, ಹಡಗಿನ ತಳದಲ್ಲಿ ಲಾಂದ್ರ ಹಿಡಿದು, ನೀರು ಎಲ್ಲಾದರೂ ಒಸರುತ್ತದೆಯೇ ಎಂದು ಕೈಯಾಡಿಸುತ್ತಾ ತೆವಳುತ್ತಿದ್ದರು. ಹೊರಗೆ ಬಂದಾಗ ಮೊಣಕಾಲೆಲ್ಲ ತುಕ್ಕು, ಕಣ್ಣು ಕೆಂಪು.

"ಒಂದು ತೊಟ್ಟೂ ಇಲ್ಲ ಕಣೇ," ಎಂದರು. "ಅವನು ಇದ್ದಿದ್ರೆ ನೋಡ್ತಿದ್ದ."

ಅದಕ್ಕೇ ಕೇಳುತ್ತಿದ್ದೇನೆ, ಮಗಳೇ. ಅವರಿಗೆ ಕ್ಷಮೆ ಕೇಳುವುದು ಬರುವುದಿಲ್ಲ, ಕಲಿಯುವ ವಯಸ್ಸೂ ಅಲ್ಲ. ಗಿಡಿಯನ್ ಎದುರಿಗೆ ಕೂತರೆ ಈ ಹಡಗಿನ ಬಗ್ಗೆ ಮಾತಾಡುತ್ತಾರೆ, ಅದೇ ಅವರ ಕ್ಷಮೆ. ಅವನಿಗೆ ಇಷ್ಟವಿಲ್ಲದಿದ್ದರೆ ಮಾತಾಡದೆ ಕೂರಲಿ. ನಾವು ನಿಮ್ಮ ಮನೆಯಲ್ಲೇ ಇಳಿದುಕೊಳ್ಳುವುದಿಲ್ಲ, ಹತ್ತಿರದಲ್ಲಿ ಒಂದು ಕೋಣೆ ಹಿಡಿಯುತ್ತೇವೆ. ಕೂಸನ್ನು ಒಂದು ಸಲ ಅವರ ಕೈಗೆ ಕೊಟ್ಟರೆ ಸಾಕು. ನಾನು ಒಬ್ಬಳೇ ಬರುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಬೆದರಿಕೆ ಎಂದುಕೊಳ್ಳಬೇಡ, ನನ್ನ ಕೈಲಾಗದು, ಅಷ್ಟೇ.

ಬಿಸಿಲು ಬಿದ್ದಾಗ ಹೊರಗೆ ಕೂರು. ಭಾರ ಎತ್ತಬೇಡ. ಅಲ್ಲಿಯ ಹೆಂಗಸರ ಮಾತು ಅರ್ಥವಾಗುವುದಿಲ್ಲ ಎಂದು ಬರೆದಿದ್ದೆ, ಅರ್ಥವಾಗದಿರುವುದೇ ಒಳ್ಳೆಯದು, ಬಸುರಿಗೆ ಹೇಳುವ ಬುದ್ಧಿವಾದಗಳಲ್ಲಿ ಅರ್ಧ ಭಯ ಹುಟ್ಟಿಸುವುದಕ್ಕೇ ಇರುತ್ತವೆ. ಗಿಡಿಯನ್‌ಗೆ ನನ್ನ ಪ್ರೀತಿ ತಿಳಿಸು, ತೆಗೆದುಕೊಂಡರೆ ತೆಗೆದುಕೊಳ್ಳಲಿ. ದೇವರು ನಿನ್ನ ಹೊಟ್ಟೆಯನ್ನು ತಣ್ಣಗಿಟ್ಟು, ತಾಯಿಮಗುವನ್ನು ಸುಖವಾಗಿ ಬೇರೆಮಾಡಲಿ.

ಇಂತು ನಿನ್ನ ಅಮ್ಮ,
ತಾಮ್ಸಿನ್ ಪಿಲ್ಚರ್

ಮರೆತ ಮಾತು: ಇಲ್ಲಿಯವರೆಗೆ ಬರೆದದ್ದನ್ನು ಸಂಜೆ ನಿಮ್ಮಪ್ಪನಿಗೆ ಓದಿ ಹೇಳಿದೆ. ಸಂದಿಯ ಕಥೆ ತೆಗೆ ಎಂದರು, ನಾನು ತೆಗೆಯಲಿಲ್ಲ. ಅವರು ಈಗ ಟಟ್ ಮನೆಗೆ ಹೋಗಿದ್ದಾರೆ. ಇನ್ನು ಮುಂದಿನದು ಅವರು ಕೇಳದ್ದು.

ಡಿಸೆಂಬರಿನಲ್ಲಿ ಸರಕಿನ ಹಡಗಿನಲ್ಲಿ ನಿಮಗೆ ಕಳಿಸಿದ್ದ ಪೆಟ್ಟಿಗೆ ಹೊಸ ವರ್ಷದ ವಾರದಲ್ಲಿ ವಾಪಸ್ಸು ಬಂತು. ಅದರ ಮಾತು ಎತ್ತಬೇಡ ಎಂದು ಅವರೇ ಹೇಳಿದ್ದರು. ಒಳಗೆ ಏನಿತ್ತು ಎಂದು ನಿನಗೆ ಗೊತ್ತಿರಲಾರದು, ತೆರೆದಿಲ್ಲವಲ್ಲ. ಕೂಸಿಗೆ ಹಾಲೂಡಿಸಲು ಕೂರುವ ತಗ್ಗು ಕುರ್ಚಿ. ನಿಮ್ಮಪ್ಪ ಕೆಲಸ ಕಲಿತ ಮೊದಲ ಹಡಗನ್ನು ಕಳೆದ ಶರತ್ಕಾಲದಲ್ಲಿ ಒಡೆದು ಸೌದೆಗೆ ಮಾರಿದರು, ಅದರಲ್ಲಿ ಒಂದು ಓಕ್ ಹಲಗೆ ಕೊಂಡು ತಂದು ಮಾಡಿದ್ದು. ಪೆಟ್ಟಿಗೆಯನ್ನು ಮರದ ಗೂಟಗಳಿಂದ ಜಡಿದಿದ್ದರು. ಬಂದ ದಿನ ಆ ಗೂಟಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, "ತೆಗೆದೂ ನೋಡಿಲ್ಲ," ಎಂದರು.

ಆಮೇಲೆ ಪೆಟ್ಟಿಗೆಯ ಮೇಲೆ ಹೊಸದಾಗಿ ಬರೆದಿದ್ದ ನಮ್ಮ ವಿಳಾಸದ ಮೇಲೆ ಬೆರಳಿಟ್ಟು, "ಇದು ಯಾರ ಕೈಬರಹ?" ಎಂದು ಕೇಳಿದರು. ಮರದ ಮೇಲೆ ಗೀರುವ ಗುರುತುಗಳನ್ನು ಬಿಟ್ಟರೆ ಅವರಿಗೆ ಅಕ್ಷರ ಬಾರದಲ್ಲ.

ನನಗೆ ಬರುತ್ತದೆ, ಡಾರ್ಕಸ್. ನಿನಗೆ ಒಂದೊಂದು ಅಕ್ಷರವನ್ನೂ ಕೈಹಿಡಿದು ತಿದ್ದಿಸಿದವಳು ನಾನೇ.

"ಗಿಡಿಯನ್‌ದು," ಎಂದೆ.

"ಹೌದಾ," ಎಂದರು. "ಹೋಗ್ಲಿ ಬಿಡು, ಅವನಿಗೆ ಹಕ್ಕಿದೆ. ಅವಳಿಗೆ ಗೊತ್ತಾಗೋ ಮುಂಚೆನೇ ಕಳ್ಸಿಬಿಟ್ಟಿರ್ತಾನೆ."

ನೀನು ಯಾಕೆ ಅದನ್ನು ವಾಪಸ್ಸು ಕಳಿಸಿದೆ ಎಂದು ನಾನು ಕೇಳುವುದಿಲ್ಲ. ಅವರಿಗೆ ನಾನು ಹೇಳುವುದೂ ಇಲ್ಲ. ನಾವು ಬಂದರೆ, ನೀನೂ ಹೇಳಬೇಡ.